ಹದಿನಾಲ್ಕನೆಯ ಸರ್ಕ್ಯುಲರ್

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ನರ್ಮದಾ ಹೇಳುವುದು ಸುಳ್ಳಲ್ಲ. ಆದರೆ ಇಬ್ಬರು ಮಕ್ಕಳು, ಬಾಡಿಗೆ ಮನೆ. ಕೆಲಸ ಬಿಟ್ಟು ಬದುಕುವ ಧೈರ್ಯ ನನಗಿರಲಿಲ್ಲ. ಹಾಗಾಗಿ ಮ್ಯಾನೇಜರ್ ಅಂಬಾರಾಯರು ಬೈದಾಗಲೆಲ್ಲ ಒಂದು ರಾಜೀನಾಮೆ ಬರೆಯುತ್ತಿದ್ದೆ, ಕೊಡುತ್ತಿರಲಿಲ್ಲ. ಬರೆದರೆ ಸಾಕು, ಹೊಟ್ಟೆ ತಣ್ಣಗಾಗುತ್ತಿತ್ತು.

೧೯೮೭ರಲ್ಲಿ ಶಹಾಬಾದಿನ ನಮ್ಮ ಕಲ್ಲಿನ ಕಂಪನಿಗೆ ಕಂಪ್ಯೂಟರ್ ಬಂತು. ಐದು ಜನಕ್ಕೆ ಒಂದೇ. ಯಾರು ಬೇಕಾದರೂ ಯಾರದನ್ನು ಬೇಕಾದರೂ ತೆರೆದು ನೋಡಬಹುದು. ನಾನು ಅದರಲ್ಲೂ ಬರೆದೆ: ಓದದೆ ಸಹಿ ಹಾಕುವ ಈ ಕತ್ತೆಯ ಕೈಕೆಳಗೆ ಇನ್ನೊಂದು ದಿನವೂ ದುಡಿಯಲಾರೆ, ಇದೇ ನನ್ನ ರಾಜೀನಾಮೆ. ಕೆಳಗೆ ನನ್ನ ಹೆಸರನ್ನೂ ಹಾಕಿದೆ. ಬಚ್ಚಿಡುವುದೆಲ್ಲಿ? ಸರ್ಕ್ಯುಲರ್‌ಗಳ ನಡುವೆ 'ಸರ್ಕ್ಯುಲರ್ ೧೪' ಎಂದು ಹೆಸರಿಟ್ಟು ಸೇರಿಸಿಬಿಟ್ಟೆ. ನಮ್ಮಲ್ಲಿ ಸರ್ಕ್ಯುಲರ್ ಓದಿದವನು ಇನ್ನೂ ಹುಟ್ಟಿರಲಿಲ್ಲ. ಕಟ್ಟು ಬಂದರೆ ಎಲ್ಲದರ ಕೆಳಗೆ ಸಹಿ ಹಾಕಿ ಪಕ್ಕದ ಮೇಜಿಗೆ ದಾಟಿಸುವುದೇ ರೂಢಿ. ಭಲೇ ಬುದ್ಧಿವಂತ ನಾನು!

ಹೆಡ್ ಕ್ಲರ್ಕ್ ಮಜೀದಸಾಬರಿಗೆ ಆ ಯಂತ್ರದ ಮೇಲೆ ನಂಬಿಕೆಯೇ ಇರಲಿಲ್ಲ. ನಾನು ನೆಂಟರ ಮುಂಜಿಗೆಂದು ಚಿತ್ತಾಪುರಕ್ಕೆ ಹೋಗಿದ್ದ ಶನಿವಾರ, ಕರೆಂಟು ಹೋದರೆ ಎಲ್ಲವೂ ಹೋದೀತೆಂದು ಹೆದರಿ, ಒಳಗಿದ್ದ ಸರ್ಕ್ಯುಲರ್‌ಗಳನ್ನೆಲ್ಲ ಕಾಗದದ ಮೇಲೆ ಅಚ್ಚು ಹಾಕಿಸಿದರು. ಸೋಮವಾರ ಆ ಕಟ್ಟು ನನ್ನ ಮೇಜಿಗೂ ಬಂತು. ಚಹಾ ಕುಡಿಯುತ್ತ ಹದಿನೇಳು ಹಾಳೆಗಳಿಗೂ ಸಹಿ ಗೀಚಿ ದಾಟಿಸಿದೆ.

ಬುಧವಾರ ಮಜೀದಸಾಬರು ಕರೆದು ಹದಿನಾಲ್ಕನೆಯ ಹಾಳೆ ಮುಂದಿಟ್ಟರು. ಕೆಳಗೆ ನನ್ನ ಹೆಸರು, ನನ್ನದೇ ಸಹಿ. ಪಕ್ಕದಲ್ಲಿ ಅಂಬಾರಾಯರ ಹಸಿರು ಶಾಯಿ: ಮಂಜೂರು. ಅವರು ಚಹಾದ ಪಟ್ಟಿಗೂ ಹಾಗೇ ಬರೆಯುತ್ತಿದ್ದರು. ಹರಿದುಹಾಕಿ ಎಂದು ಬೇಡಿಕೊಂಡೆ.

"ರಿಜಿಸ್ಟರಿನ್ಯಾಗ ನಂಬರ್ ಬಿದ್ದದ್ರಿ ರಾಘವೇಂದ್ರರಾಯರ. ಸಾಹೇಬರಿಗೇ ಹೋಗಿ ಹೇಳ್ರಿ," ಎಂದರು ಮಜೀದಸಾಬರು, ನಗು ತಡೆದುಕೊಂಡು.

ಹೋದೆ. ನನ್ನ ರಾಜೀನಾಮೆ ತಪ್ಪಿ ಮಂಜೂರಾಗಿದೆ, ನಾನೂ ಓದಲಿಲ್ಲ, ನೀವೂ ಓದಿರಲಿಕ್ಕಿಲ್ಲ ಎಂದೆ. ಆ ಕೊನೆಯ ಮಾತು ಆಡಬಾರದಿತ್ತು. ಅಂಬಾರಾಯರ ಮುಖ ಕೆಂಪಾಯಿತು.

"ನಾ ಓದಲಾರದ ಸಹಿ ಹಾಕೋ ಮನಷ್ಯಾ ಏನ್ರಿ? ಎರಡು ಸಲ ಓದೀನಿ. ನೀವು ಬರೆದದ್ರಾಗ ಒಂದು ಅಕ್ಷರನೂ ಸುಳ್ಳಿಲ್ಲ."

ಓದಿಲ್ಲವೆಂದು ಸಾಧಿಸಬೇಕಾದರೆ ಅವರಿಂದ ಓದಿಸಬೇಕು. ಓದಿಸಿದರೆ ಕೆಲಸದ ಜೊತೆಗೆ ಮರ್ಯಾದೆಯೂ ಹೋಗುತ್ತದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಹೊರಗೆ ಬಂದೆ.

ಶನಿವಾರ ಬೀಳ್ಕೊಡುಗೆ ಮಾಡಿದರು. ಅಂಬಾರಾಯರು ಶಾಲು ಹೊದಿಸಿ, ಇಂಥ ಪ್ರಾಮಾಣಿಕ ಪತ್ರ ಬರೆಯುವವರು ಭಾಳ ಅಪರೂಪ ಎಂದು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಜೀದಸಾಬರು ಕೆಲಸದಿಂದ ಬಿಡುಗಡೆಯ ಕಾಗದ ತಂದು ಮುಂದೆ ಹಿಡಿದರು. ನರ್ಮದಾಳಿಗೆ ಏನು ಹೇಳುವುದೆಂದು ಯೋಚಿಸುತ್ತಲೇ, ಓದದೆ, ಅದರ ಕೆಳಗೆ ಸಹಿ ಹಾಕಿದೆ.