ಯಾರಿಗೂ ಹೇಳಬೇಡ

ಹೊರಡುವ ಮೊದಲು ನಾನು ಹಾಕಿದ್ದು ಒಂದೇ ಷರತ್ತು. ನನ್ನ ಗಂಡ ತೀರಿಕೊಂಡ ವಿಷಯವನ್ನು ಸೂಜಿ ಯಾರಿಗೂ ಹೇಳಬಾರದು. ಬಸ್ಸಿನಲ್ಲಿ, ಲಾಡ್ಜಿನಲ್ಲಿ, ಹೋಟೆಲಿನಲ್ಲಿ, ಎಲ್ಲಿಯೂ.

"ಅಷ್ಟೇನಾ?" ಎಂದಳು. "ನಾನೇನು ಡಂಗುರ ಹೊಡ್ಕೊಂಡು ತಿರುಗೋಳ ಹಾಗೆ ಕಾಣ್ತೀನಾ?"

"ಕಾಣ್ತೀಯ."

"ಥೂ ನಿನ್ನ! ಆಯ್ತು, ಆಣೆ."

ಸೂಜಿ ನನ್ನ ಹಾಸ್ಟೆಲಿನ ಗೆಳತಿ. ನಾನು ಸಂಖ್ಯಾಶಾಸ್ತ್ರ ಓದುತ್ತಿದ್ದಾಗ ಅವಳು ನರ್ಸಿಂಗ್ ಓದುತ್ತಿದ್ದಳು. ತೆಳ್ಳಗೆ ಉದ್ದಕ್ಕೆ ಇದ್ದವಳು ಮೊದಲ ಸಲ ಸಿರಿಂಜು ಹಿಡಿದ ದಿನವೇ ಆ ಹೆಸರು ಬಿತ್ತು. ಈಗ ದೊಡ್ಡ ಆಸ್ಪತ್ರೆಯೊಂದರ ವಾರ್ಡಿನಲ್ಲಿ ನರ್ಸು. ಮೊದಲೆಲ್ಲ ನನ್ನನ್ನು ಗೂಬೆ ಎನ್ನುತ್ತಿದ್ದಳು. ಹತ್ತು ತಿಂಗಳಿಂದ ಪುಟ್ಟಾ ಎನ್ನುತ್ತಾಳೆ.

ಪ್ರವಾಸದ ಆ ನಾಲ್ಕು ದಿನ ನನಗೆ ಬೇಕಾಗಿದ್ದದ್ದು ವಿಶ್ರಾಂತಿಯಲ್ಲ. ಅದು ಬೇಕಾದಷ್ಟು ಸಿಕ್ಕಿದೆ. ಆಫೀಸಿನಲ್ಲಿ ನನ್ನ ಕುರ್ಚಿಯನ್ನು ಕಿಟಕಿಯ ಪಕ್ಕಕ್ಕೆ ಹಾಕಿದ್ದಾರೆ. ನನ್ನ ಪಟ್ಟಿಗಳಲ್ಲಿ ತಪ್ಪಿದ್ದರೆ ಮೇಲಧಿಕಾರಿ ತಾವೇ ಪೆನ್ಸಿಲಿನಲ್ಲಿ ತಿದ್ದಿ, ಸದ್ದಿಲ್ಲದೆ ಇಟ್ಟು ಹೋಗುತ್ತಾರೆ. ಮದುವೆಯಾದ ದಿನದಿಂದ ನನ್ನ ಅಡುಗೆಗೆ ಒಂದಲ್ಲ ಒಂದು ಹೆಸರಿಡುತ್ತಿದ್ದ ಅತ್ತೆ ಈಗ ತಲೆ ತಗ್ಗಿಸಿ ಉಣ್ಣುತ್ತಾರೆ. ಒಂದು ದಿನ ಬೇಕೆಂದೇ ಉಪ್ಪು ಹಾಕದೆ ನೋಡಿದೆ. "ಚೆನ್ನಾಗಿದೆ" ಎಂದರು. ಮಗನನ್ನು ಕಳೆದುಕೊಂಡವರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ನಾನು ಹೋದಲ್ಲೆಲ್ಲ ಜನ ದನಿ ಇಳಿಸುತ್ತಾರೆ. ಯಾರೂ ದನಿ ಇಳಿಸದ ಊರಿನಲ್ಲಿ ನಾಲ್ಕು ದಿನ ಇದ್ದು ಬರಬೇಕು ಎಂಬುದಷ್ಟೇ ನನ್ನ ಆಸೆ.

ಸೂಜಿಯ ಪ್ರವಾಸಕ್ಕೆ ತಲೆಬುಡ ಇರುವುದಿಲ್ಲ. ಮುಂಗಡ ರೂಮಿಲ್ಲ, ಪಟ್ಟಿಯಿಲ್ಲ. ಬಸ್ ನಿಲ್ದಾಣದಲ್ಲಿ ನಿಂತು ಯಾವ ಬಸ್ಸಿನಲ್ಲಿ ಕಿಟಕಿ ಸೀಟು ಖಾಲಿ ಇದೆಯೋ ಅದನ್ನು ಹತ್ತುವುದು. ಹಾಗೇ ಹತ್ತಿದೆವು. ದಾರಿಯಲ್ಲಿ ಅವಳೂ ಒಂದು ವಿಷಯ ಹೇಳಿದಳು. ಮುಂದಿನ ತಿಂಗಳು ಆಗಬೇಕಿದ್ದ ಅವಳ ಮದುವೆ ನಿಂತುಹೋಗಿತ್ತು. ಹುಡುಗನೇ ಬೇಡವೆಂದಿದ್ದ. ಅವಳು ಡ್ಯೂಟಿಯಲ್ಲಿದ್ದಾಗ ಫೋನು ಮಾಡಿ, ಎರಡು ನಿಮಿಷದಲ್ಲಿ ಮುಗಿಸಿದ್ದ. ಅಚ್ಚಾಗಿ ಬಂದ ಆಮಂತ್ರಣ ಪತ್ರಿಕೆಗಳು ಕಟ್ಟು ಬಿಚ್ಚದೆ ಮಂಚದ ಕೆಳಗೆ ಬಿದ್ದಿದ್ದವು.

"ವಾರ್ಡಲ್ಲಿ ಯಾರಿಗೂ ಗೊತ್ತಿಲ್ಲ. ನೀನೂ ಯಾರಿಗೂ ಹೇಳ್ಬೇಡ ಕಣೇ. ಎಲ್ಲರೂ ಅಯ್ಯೋ ಪಾಪ ಅಂದ್ರೆ ನನಗೆ ಆಗಲ್ಲ."

"ಹೌದಾ" ಎಂದೆ.

ಕಿಟಕಿಯಾಚೆ ಯಾರೋ ಗೋಡೆಗೆ ಬಣ್ಣ ಬಳಿಯುತ್ತಿದ್ದರು. ಅವಳು ಇನ್ನೇನೋ ಹೇಳಲು ಹೊರಟವಳು ಸುಮ್ಮನಾದಳು. ನನಗೆ ಅದು ಆಗ ತಟ್ಟಲಿಲ್ಲ. ಇತ್ತೀಚೆಗೆ ಯಾವುದೂ ತಟ್ಟುವುದಿಲ್ಲ.

ಇಳಿದದ್ದು ಕೆರೆಯ ದಡದ ಒಂದು ಊರಿನಲ್ಲಿ. ಮಧ್ಯಾಹ್ನದ ಹೊತ್ತು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೇಗೋ ಎರಡು ಕುರ್ಚಿ ಸಿಕ್ಕವು. ಗೋಡೆಯ ಬೋರ್ಡಿನಲ್ಲಿ ಬರೆದದ್ದನ್ನು ಓದುತ್ತಾ ಕೂತೆ. ಏನು ತಿನ್ನಬೇಕೆಂದು ತೋಚಲಿಲ್ಲ. ಹೆಗಲ ಮೇಲೆ ಒರೆಸುವ ಬಟ್ಟೆ ಹಾಕಿಕೊಂಡ ದಪ್ಪ ಮೀಸೆಯ ಸಪ್ಲೈಯರ್ ಬಂದು ನಿಂತ.

"ಏನಮ್ಮಾ, ಬೋರ್ಡ್ ಓದೋಕೆ ಬಂದಿದ್ದೋ, ಊಟ ಮಾಡೋಕೆ ಬಂದಿದ್ದೋ? ಹಿಂದೆ ಎಂಟು ಜನ ನಿಂತಿದಾರೆ."

"ಅನ್ನ, ಮೀನು."

"ಮೀನು ಮುಗೀತು."

"ಬೋರ್ಡಲ್ಲಿದೆ?"

"ಬೋರ್ಡಿಗೇನು, ಅದು ನೇತಾಡ್ಕೊಂಡಿರುತ್ತೆ. ಒಳಗೆ ಏನು ಖಾಲಿ ಆಯ್ತು ಅಂತ ಅದಕ್ಕೆ ಗೊತ್ತಾಗುತ್ತಾ? ಮೊಟ್ಟೆ ಇದೆ. ಬೇಕಾ, ಬೇಡ್ವಾ?"

"ಬೇಕು."

ತಟ್ಟೆಯನ್ನು ಕುಕ್ಕಿ ಹೋದ. ಸಾರು ಮೇಜಿನ ಮೇಲೆ ಚೆಲ್ಲಿತು. ಇಷ್ಟು ತಿಂಗಳಲ್ಲಿ ನನ್ನ ಮೇಲೆ ರೇಗಿದ ಮೊದಲ ಮನುಷ್ಯ ಅವನು. ಅನ್ನದ ಒಂದು ಅಗುಳೂ ಬಿಡದೆ ತಿಂದೆ. ಸೂಜಿ ನನ್ನ ತಟ್ಟೆಯನ್ನೇ ನೋಡುತ್ತಿದ್ದಳು.

"ಪೂರ್ತಿ ಖಾಲಿ ಮಾಡಿದ್ಯಲ್ಲೇ ಪುಟ್ಟಾ!"

"ಹಸಿವಾಗಿತ್ತು" ಎಂದೆ. ನಿಜವಾಗಿಯೂ ಆಗಿತ್ತು.

ಲಾಡ್ಜಿನಲ್ಲಿ ಮೂರನೇ ಮಹಡಿಯ ಕೋಣೆ ಸಿಕ್ಕಿತು. ಪುಟ್ಟ ಬಾಲ್ಕನಿ, ಎದುರಿಗೆ ಕೆರೆ. ಸಂಜೆಯವರೆಗೆ ಅಲ್ಲೇ ಕಾಲು ಚಾಚಿ ಕೂತಿದ್ದೆ. ಸೂಜಿ ಹಲ್ಲುಪೇಸ್ಟು ಮರೆತಿದ್ದೇನೆಂದು ಕೆಳಗೆ ಹೋಗಿ ಬಂದಳು.

ಮರುದಿನವೂ ಅದೇ ಹೋಟೆಲಿಗೆ ಹೋಗೋಣವೆಂದು ಹಟ ಹಿಡಿದವಳು ನಾನೇ. ಅದೇ ಸಪ್ಲೈಯರ್ ಬಂದ. ಮೇಜನ್ನು ಎರಡು ಸಲ ಒರೆಸಿದ.

"ಏನು ಕೊಡ್ಲಿ ತಾಯಿ? ಆರಾಮಾಗಿ ಯೋಚನೆ ಮಾಡಿ ಹೇಳಿ. ಅವಸರ ಏನಿಲ್ಲ." ಹಿಂದೆ ಜನ ನಿಂತೇ ಇದ್ದರು. "ಮೀನು ಒಂದು ತುಂಡು ನಿಮಗೆ ಅಂತಲೇ ತೆಗೆದಿಟ್ಟಿದೀನಿ."

ಮೀಸೆಯ ಕೆಳಗಿನಿಂದ ಆ ಮೆತ್ತಗಿನ ದನಿ ಬರುವುದನ್ನು ಕೇಳಿ ನನಗೆ ಸಿಟ್ಟು ಬಂತು. ಆ ಮೀನನ್ನು ತಟ್ಟೆಯ ಅಂಚಿಗೆ ಸರಿಸಿದೆ. ಸೂಜಿ ತಲೆ ಎತ್ತದೆ ತಿನ್ನುತ್ತಿದ್ದಳು.

ಲಾಡ್ಜಿಗೆ ಮರಳಿದರೆ ನಮ್ಮ ಚೀಲಗಳು ಕೌಂಟರಿನ ಪಕ್ಕದಲ್ಲಿದ್ದವು. ಯಜಮಾನಿ ಎದ್ದು ಬಂದು ನನ್ನ ಮುಂಗೈ ಹಿಡಿದುಕೊಂಡರು.

"ನಿಮ್ಮನ್ನ ಕೆಳಗಿನ ರೂಮಿಗೆ ಹಾಕಿದೀನಮ್ಮಾ. ನಾನೂ ಪಕ್ಕದಲ್ಲೇ ಇರ್ತೀನಿ. ಮೇಲೆಲ್ಲ ಯಾಕೆ ಹತ್ತೋದು."

ಕೆಳಗಿನ ರೂಮಿನ ಕಿಟಕಿಗೆ ಕಂಬಿ ಇತ್ತು. ಅದರಾಚೆ ನೀರಿನ ಪಂಪು.

ಆಗಲೂ ಸೂಜಿಯನ್ನು ಕೇಳಲಿಲ್ಲ. ಮುಖ ತೊಳೆದು ಹೊರಗೆ ಬರುವಾಗ ಕೌಂಟರಿನಿಂದ ಅವಳ ದನಿ ಕೇಳಿಸಿತು. ಅದು ನಮ್ಮ ಹರಟೆಯ ದನಿಯಲ್ಲ. ವಾರ್ಡಿನ ದನಿ.

"ಮೂವತ್ತೊಂದು ವರ್ಷ. ಗಂಡ ಹೋಗಿ ಹತ್ತು ತಿಂಗಳು. ಊಟ ಕಡಿಮೆ, ನಿದ್ದೆ ಕಡಿಮೆ. ಖಾರ, ಎಣ್ಣೆ ಸೇರಲ್ಲ. ತುಂಬಾ ಹೊತ್ತು ಒಬ್ಬಳೇ ಬಿಡ್ಬೇಡಿ. ನಾನು ಅರ್ಧ ಗಂಟೇಲಿ ಬರ್ತೀನಿ."

ಯಜಮಾನಿ ಮೊದಲೇ ಕೇಳಿದ್ದವರ ಹಾಗೆ ಒಂದೊಂದಕ್ಕೂ ತಲೆಯಾಡಿಸುತ್ತಿದ್ದರು. ಪಾಳಿ ಬದಲಾಗುವಾಗ ನರ್ಸುಗಳು ಹೀಗೆಯೇ ಒಬ್ಬೊಬ್ಬ ರೋಗಿಯ ವಿವರ ಒಪ್ಪಿಸಿ ಹೋಗುತ್ತಾರೆ. ಅವರದೇ ಮಾತಿನಲ್ಲಿ ಹ್ಯಾಂಡೋವರ್. ಆಸ್ಪತ್ರೆಯಲ್ಲಿ ನನ್ನ ಗಂಡನ ಮಂಚದ ಪಕ್ಕ ಹನ್ನೊಂದು ದಿನ ಕೂತು ದಿನಕ್ಕೆ ಮೂರು ಸಲ ಅದನ್ನು ಕೇಳಿದ್ದೇನೆ. ನನಗೆ ಬಾಯಿಪಾಠ.

ಅವಳನ್ನು ಕೆರೆಯ ದಡಕ್ಕೆ ಎಳೆದುಕೊಂಡು ಹೋದೆ.

"ಆಣೆ ಮಾಡಿದ್ದೆ."

"ಮಾಡಿದ್ದೆ. ಬಾಯಿ ತಪ್ಪಿ ಬಂತು."

"ಆ ಮೀಸೆಯವನ ಹತ್ರಾನೂ ಬಾಯಿ ತಪ್ತಾ? ಹಲ್ಲುಪೇಸ್ಟು ತರೋಕೆ ಹೋದಾಗಾ?"

ಅವಳು ಚಪ್ಪಲಿಯಿಂದ ಮರಳು ಕೆದಕಿದಳು. "ನೀನು ಅಲ್ಲಿ ಪೂರ್ತಿ ಊಟ ಮಾಡಿದ್ಯಲ್ಲ, ಖುಷಿ ಆಯ್ತು. ನಾಳೆನೂ ಚೆನ್ನಾಗಿ ನೋಡ್ಕೊಳ್ಳಿ ಅಂತ ಹೇಳ್ದೆ. ಅದರಲ್ಲಿ ಏನು ತಪ್ಪು?"

ಅವನು ಬೈದದ್ದಕ್ಕೇ ತಿಂದೆ ಎಂದು ಇವಳಿಗೆ ಹೇಗೆ ತಿಳಿಸುವುದು?

"ನೋಡು, ಒಂದ್ಸಲ ಅವಸರದಲ್ಲಿ ಒಂದು ಮಾತು ಹೇಳೋದು ಬಿಟ್ಟಿದ್ದೆ" ಎಂದಳು. "ಒಬ್ಬ ತಾತ. ಎದ್ರೆ ತಲೆ ಸುತ್ತುತ್ತೆ ಅಂತ ಮುಂದಿನ ಶಿಫ್ಟಿನವಳಿಗೆ ಹೇಳದೇ ಹೋದೆ. ಅವಳು ಮಂಚದ ಕಂಬಿ ಏರಿಸಿರಲಿಲ್ಲ. ಬಿದ್ದು ಸೊಂಟ ಮುರ್ಕೊಂಡ್ರು. ಆವತ್ತಿಂದ ಹೇಳದೆ ಎದ್ದು ಹೋಗೋಕೆ ನನಗೆ ಆಗಲ್ಲ."

"ನಾನು ನಿನ್ನ ಪೇಷೆಂಟಲ್ಲ. ಮಹಡಿಯಿಂದ ಹಾರೋದೂ ಇಲ್ಲ."

"ನನಗೆ ಹೇಗೆ ಗೊತ್ತಾಗ್ಬೇಕು? ನೀನು ಏನಾದ್ರೂ ಬಾಯಿಬಿಟ್ರೆ ತಾನೇ? ಏನು ಹೇಳಿದ್ರೂ ಹೌದಾ ಅಂತೀಯ. ಗೋಡೆಗಾದ್ರೂ ಹೇಳ್ಬಹುದು."

ಮಾತಿಗೆ ಮಾತು ಬೆಳೆಯುವ ಮೊದಲು ಅವಳು ಮತ್ತೆ ಆಣೆ ಮಾಡಿದಳು. ಈ ಸಲ ತಲೆ ಮುಟ್ಟಿಕೊಂಡು.

ಮೂರನೆಯ ದಿನ ದೋಣಿಯಲ್ಲಿ ಆಚೆ ದಡಕ್ಕೆ ಹೋದೆವು. ಅಲ್ಲಿ ನಮ್ಮನ್ನು ಬಲ್ಲವರು ಯಾರೂ ಇರಲಿಲ್ಲ. ಮರದ ಕೆಳಗೆ ನಾಲ್ಕು ಮೇಜು ಹಾಕಿದ ಒಂದು ಚಿಕ್ಕ ಹೋಟೆಲು. ಒಳಗೆ ಗಂಡ ಬೇಯಿಸುತ್ತಿದ್ದ, ಹೊರಗೆ ಹೆಂಡತಿ ಬಡಿಸುತ್ತಿದ್ದಳು. ನಾನು ಖಾರ ಹಚ್ಚಿ ಹುರಿದ ಮೀನು ಹೇಳಿದೆ. ಸೂಜಿ ನೂಡಲ್ಸ್ ಹೇಳಿ ಕೈ ತೊಳೆಯಲು ಹೋದಳು. ನೀರಿನ ಮೇಲಿಂದ ಗಾಳಿ ಬರುತ್ತಿತ್ತು. ಒಂದು ನಾಯಿ ನನ್ನ ಕಾಲಬುಡದಲ್ಲಿ ಮಲಗಿತ್ತು. ಆ ಹತ್ತು ನಿಮಿಷ ಚೆನ್ನಾಗಿದ್ದವು.

ಹೋಟೆಲಿನಾಕೆ ಬಂದು ನನ್ನ ಮುಂದೆ ಒಂದು ಬಟ್ಟಲು ಇಟ್ಟಳು. ಬಿಳಿಯ ಸೂಪು.

"ನಾನು ಮೀನು ಹೇಳಿದ್ದೆ."

"ಅದೆಲ್ಲ ಬೇಡಮ್ಮಾ, ಇದು ಹಗುರ. ನನ್ನ ಅಕ್ಕನೂ ನಿಮ್ಮ ಹಾಗೇ, ಒಂದು ವರ್ಷ ಏನೂ ಮುಟ್ತಿರಲಿಲ್ಲ." ಹೇಳುತ್ತಾ ನನ್ನ ತಲೆ ಸವರಿದಳು.

ಸೂಜಿ ಕೈ ಒರೆಸಿಕೊಳ್ಳುತ್ತಾ ಬಂದು ಎದುರಿಗೆ ಕೂತಳು. ನನ್ನ ಮುಖ ನೋಡಲಿಲ್ಲ.

ನಾನು ಹೋಟೆಲಿನಾಕೆಯ ಕಡೆ ತಿರುಗಿದೆ. ದನಿ ತಾನಾಗಿಯೇ ಸಮನಾಗಿ ಬಂತು.

"ಇವಳದ್ದೂ ಕೇಳಿ. ಮೂವತ್ತೆರಡು ವರ್ಷ. ಮದುವೆ ನಿಂತು ಮೂರು ವಾರ. ಹುಡುಗ ಫೋನಲ್ಲೇ ಬೇಡ ಅಂದ. ಆಮಂತ್ರಣ ಪತ್ರಿಕೆ ಎಲ್ಲಾ ಮಂಚದ ಕೆಳಗಿದೆ. ನಗ್ತಾ ಇರ್ತಾಳೆ, ನಂಬಬೇಡಿ. ಒಬ್ಬಳೇ ಬಿಡ್ಬೇಡಿ."

"ಅಯ್ಯೋ ದೇವರೇ!" ಆಕೆ ಕುರ್ಚಿ ಎಳೆದುಕೊಂಡು ಸೂಜಿಯ ಪಕ್ಕ ಕೂತೇಬಿಟ್ಟಳು. "ಇಂಥಾ ಹುಡುಗೀನ ಬೇಡ ಅಂದ್ನಾ? ಆ ಮುಠ್ಠಾಳನಿಗೆ ಕಣ್ಣಿಲ್ವಾ? ರೀ, ಇಲ್ಲಿ ಬನ್ನಿ, ಕೇಳಿದ್ರಾ?"

ಗಂಡ ಸೌಟು ಹಿಡಿದುಕೊಂಡೇ ಹೊರಗೆ ಬಂದ. ಪಕ್ಕದ ಮೇಜಿನವರೂ ತಿರುಗಿದರು. ಆಕೆ ಎಲ್ಲವನ್ನೂ ಅವನಿಗೆ ಮೊದಲಿಂದ ಹೇಳಿದಳು, ಪತ್ರಿಕೆಯನ್ನೂ ಸೇರಿಸಿ. ಅವನು ಚ್ಚು ಚ್ಚು ಎಂದು ಒಳಗೆ ಹೋಗಿ ಇನ್ನೊಂದು ಬಟ್ಟಲು ಸೂಪು ತಂದು ಸೂಜಿಯ ಮುಂದೆ ಇಟ್ಟ. ಸೂಜಿ "ಪರವಾಗಿಲ್ಲ, ಪರವಾಗಿಲ್ಲ" ಎನ್ನುತ್ತಿದ್ದಳು. ಕಿವಿಯವರೆಗೂ ಕೆಂಪಾಗಿದ್ದಳು. ಅವಳ ಮುಂಗೈ ಆಕೆಯ ಹಿಡಿತದಲ್ಲಿತ್ತು.

ಅವರು ಹೋದ ಮೇಲೆ ನಾನೆಂದೆ, "ಹೇಗಿರುತ್ತೆ ಅಂತ ಈಗ ಗೊತ್ತಾಯ್ತಾ?"

ಹೇಳಿಬಿಟ್ಟರೆ ಹಗುರವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಸೂಜಿ ಚಮಚವನ್ನು ಬಟ್ಟಲಿನಲ್ಲಿ ತಿರುಗಿಸಿದಳು. "ಗೊತ್ತಾಯ್ತು. ನಾನು ತಪ್ಪು ಮಾಡ್ದೆ, ಒಪ್ಪಿದೆ. ಆದ್ರೆ ನಾನು ಹೇಳಿದ್ದು ನಿನ್ನ ಯಾರಾದ್ರೂ ನೋಡ್ಕೊಳ್ಳಲಿ ಅಂತ." ಚಮಚ ಕೆಳಗಿಟ್ಟಳು. "ನೀನು ಯಾಕೆ ಹೇಳಿದ್ದು?"

ಇಬ್ಬರೂ ಸೂಪು ಕುಡಿದೆವು. ಅದರಲ್ಲಿ ಉಪ್ಪೂ ಇರಲಿಲ್ಲ, ಖಾರವೂ ಇರಲಿಲ್ಲ.

ಮರಳುವಾಗ ದೋಣಿಯಲ್ಲಿ ತಪ್ಪಾಯ್ತು ಎಂದೆ. "ಎಂಜಿನ್ ಸದ್ದು, ಆಮೇಲೆ ಹೇಳು" ಎಂದಳು. ಆಮೇಲೆ ಹೇಳಲು ಅವಳು ಜಾಗ ಕೊಡಲಿಲ್ಲ. ಸೂಜಿ ಸಿಟ್ಟಾದರೆ ಕೂಗಾಡುವುದಿಲ್ಲ, ಬಟ್ಟೆ ಮಡಿಸುತ್ತಾಳೆ. ಅಂದು ತನ್ನದನ್ನೆಲ್ಲ ಮಡಿಸಿ, ನನ್ನದನ್ನೂ ಮಡಿಸಿದಳು.

ನಾಲ್ಕನೆಯ ದಿನ ಇನ್ನೊಂದು ಊರಿನ ಬಸ್ಸು ಹತ್ತಿದೆವು. ಕಿಟಕಿ ಸೀಟು ನನಗೇ ಬಿಟ್ಟು, ತಾನು ಕಣ್ಣು ಮುಚ್ಚಿ ಒರಗಿದಳು. ಇಳಿದು ಕಂಡ ಮೊದಲ ಲಾಡ್ಜಿಗೆ ಹೋದೆವು. ಗುಮಾಸ್ತ ರಿಜಿಸ್ಟರಿನಿಂದ ತಲೆ ಎತ್ತದೆ ಕೇಳಿದ, "ಇಬ್ಬರಾ? ಎರಡು ಮಂಚದ್ದು ಒಂದಿದೆ."

"ಎರಡು ರೂಮು ಕೊಡಿ" ಎಂದಳು ಸೂಜಿ.

"ಯಾಕೆ, ಜಗಳಾನಾ?"

"ಇಲ್ಲ. ಒಬ್ಬರು ಗೊರಕೆ ಹೊಡೀತಾರೆ."

ಅಷ್ಟೇ ಹೇಳಿದಳು. ನನ್ನ ಬಗ್ಗೆ ಒಂದು ಅಕ್ಷರ ಹೇಳಲಿಲ್ಲ. ಗುಮಾಸ್ತ ಕೀಲಿಗಳನ್ನು ಮೇಜಿನ ಮೇಲೆ ಎಸೆದು, "ಬಿಸಿನೀರು ಏಳು ಗಂಟೆ ತನಕ. ಆಮೇಲೆ ಬಂದು ನನ್ನ ಪ್ರಾಣ ತಿನ್ಬೇಡಿ" ಎಂದ. ನಾನು ಬಯಸಿದ್ದೆಲ್ಲ ಆ ಕೌಂಟರಿನ ಮೇಲೆ ಬಿದ್ದಿತ್ತು. ಕೀಲಿ ತೆಗೆದುಕೊಂಡು ಮೆಟ್ಟಿಲು ಹತ್ತಿದೆ.

ರಾತ್ರಿ ಎಂಟಕ್ಕೆ ಹಸಿವಾಯಿತು. ಪಕ್ಕದ ಬಾಗಿಲು ತಟ್ಟಿದೆ.

"ಊಟಕ್ಕೆ ಹೋಗೋಣ ಬಾ."

"ನೀನು ಹೋಗು. ನನಗೆ ಬೇಡ."

"ಕೆಳಗೆ ಕಾಯ್ತೀನಿ."

"ಕಾಯ್ಬೇಡ" ಎಂದಳು. ಒಳಗೆ ಮಂಚ ಕಿರುಗುಟ್ಟಿತು, ಬಾಗಿಲ ಕಡೆ ಹೆಜ್ಜೆ ಬರಲಿಲ್ಲ.

ಕೆಳಗಿನ ಹೋಟೆಲು ತುಂಬಿತ್ತು. ಮೂಲೆಯಲ್ಲಿ ಇಬ್ಬರ ಮೇಜು ಹಿಡಿದು ಕೂತೆ. ಐದೇ ನಿಮಿಷಕ್ಕೆ ಟೋಪಿ ಹಾಕಿದ ದೊಡ್ಡ ಆಳೊಬ್ಬ ಬಂದು ನನ್ನೆದುರಿನ ಕುರ್ಚಿಯ ಬೆನ್ನು ಹಿಡಿದ.

"ಇದು ಖಾಲಿ ತಾನೇ?"

"ಇಲ್ಲ. ಬರ್ತಾರೆ."

"ಯಾರೂ ಕಾಣಲ್ಲ?"

"ಬರ್ತಾರೆ ಅಂದ್ನಲ್ಲ."

"ಬಂದಾಗ ಬೇರೆ ಕುರ್ಚಿ ನೋಡ್ಕೊಳ್ಳಲಿ. ಆ ಕಡೆ ನಮ್ಮವರು ನಿಂತಿದಾರೆ." ಕುರ್ಚಿ ಎಳೆದ.

ನಾನು ಮೇಜಿನ ಮೇಲಿಂದ ಬಾಗಿ ಕುರ್ಚಿಯ ಇನ್ನೊಂದು ಬದಿ ಹಿಡಿದುಕೊಂಡೆ. "ಬಿಡ್ರೀ."

"ಏನ್ರೀ ಇದು, ಬಸ್ಸಲ್ಲಿ ಕರ್ಚೀಫ್ ಹಾಕಿದ ಹಾಗೆ! ಒಬ್ಬರೇ ಬಂದು ಎರಡು ಸೀಟು ಹಿಡ್ಕೊಂಡ್ರೆ ಹೇಗೆ?"

"ಒಬ್ಬಳೇ ಬಂದಿಲ್ಲ. ಬಿಡಿ ಅಂದ್ರೆ ಬಿಡಿ!"

ನನ್ನ ದನಿ ನನಗೇ ಗುರುತಾಗಲಿಲ್ಲ. ಜನ ತಿರುಗಿ ನೋಡಿದರು. ಅವನು ಏನೋ ಗೊಣಗುತ್ತಾ ಹೋದ. ನಾನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಅದರ ಮೇಲೆ ನನ್ನ ಚೀಲವಿಟ್ಟು, ಒಂದು ಕೈಯಲ್ಲಿ ಹಿಡಿದೇ ಕೂತೆ. ಸಪ್ಲೈಯರ್ ಬಂದಾಗ ಎರಡು ತಟ್ಟೆ ಹೇಳಿದೆ.