ಸೊಸೆಯ ಮಾತ್ರೆ, ಅತ್ತೆಯ ಎದೆ

ಮಹ್ದಿಯಾ ಊರಿನಲ್ಲಿ ಬೇಸಿಗೆ ಬಂತೆಂದರೆ ಹೆಂಗಸರು ಒಂದೊಂದು ದಿನ ಒಬ್ಬೊಬ್ಬರ ತಾರಸಿ ಹತ್ತುತ್ತಾರೆ. ವರ್ಷಕ್ಕಾಗುವಷ್ಟು ಕುಸ್ಕುಸ್, ಅಂದರೆ ರವೆಯ ಸಣ್ಣ ಕಾಳು, ಹೊಸೆದು ಒಣಗಿಸಬೇಕಲ್ಲ. ಕೈ ರವೆಯಲ್ಲಿ, ಬಾಯಿ ಊರ ಮೇಲೆ. ಯಾರಿಗೆ ಏನು ಕಾಯಿಲೆ, ಯಾವ ಮಾತ್ರೆ ಒಳ್ಳೆಯದು, ಎಲ್ಲ ಅಲ್ಲೇ ಇತ್ಯರ್ಥ. ಡಾಕ್ಟರು ಯಾಕೆ ಬೇಕು ಹೇಳಿ!

ಹೋದ ತಿಂಗಳು ಸಲುವಾ ಅಲ್ಲೇ ಬಾಯಿ ಬಿಟ್ಟಿದ್ದಳು. ಐವತ್ತೊಂದರ ಅವಳಿಗೆ ಮುಟ್ಟು ನಿಂತಿತ್ತು, ಮೈಯೆಲ್ಲ ಬಿಸಿ ಏರಿ ನಿದ್ದೆಯೇ ಇರಲಿಲ್ಲ. ಡಾಕ್ಟರು ತಪಾಸಣೆ ಮಾಡಿ ಹಾರ್ಮೋನು ಕೊಟ್ಟಿದ್ದರು. "ಬೇಗ ಶುರು ಮಾಡಿದ್ರೆ ಹೃದಯಕ್ಕೂ ಸ್ವಲ್ಪ ಒಳ್ಳೇದಾಗಬಹುದಂತೆ" ಎಂದಿದ್ದಳು. ಅರವತ್ತಾರರ ಅಕ್ಕ ಮನ್ನೂಬಿಯಾಳ ಕಿವಿಗೆ ಬಿದ್ದದ್ದು ಹೃದಯ ಅನ್ನುವುದೊಂದೇ.

ಇವತ್ತು ಅಕ್ಕನ ತಾರಸಿಗೆ ಬಂದ ಸಲುವಾ ನೋಡುತ್ತಾಳೆ, ಅಕ್ಕ ಒಂದು ಕಾಲು ಚಾಚಿ ಮುಖ ಹಿಂಡಿಕೊಂಡು ಕೂತಿದ್ದಾಳೆ.

"ಅಕ್ಕಾ, ಕಾಲಿಗೇನಾಯ್ತು?"

"ಏನಿಲ್ಲ ಕಣೇ, ಕೂತು ಕೂತು ಹಿಡ್ಕೊಂಡಿದೆ. ಎದುರುಮನೆಯವಳ ಕಣ್ಣು ಬೇರೆ! ನನ್ನ ಕುಸ್ಕುಸ್ ನೋಡಿ ಹೊಟ್ಟೆ ಉರ್ಕೊಂಡ್ಲು."

ಸಲುವಾ ಮುಟ್ಟಿ ನೋಡಿದಳು. ಎಡ ಮೀನಖಂಡ ಊದಿ, ಕೆಂಪಾಗಿ, ಬಿಸಿಯಾಗಿತ್ತು. ಬಲಗಾಲು ಮಾಮೂಲಾಗಿತ್ತು.

"ಏನಾದ್ರೂ ಹೊಸ ಮಾತ್ರೆ ತಗೊಳ್ತಿದ್ದೀಯಾ?"

"ನಿನ್ನಂಥದ್ದೇ! ಸೊಸೆ ಇಬ್ತಿಸಾಮ್ ಉಮ್ರಾ ಯಾತ್ರೆಗೆ ಹೋಗುವಾಗ ಮುಟ್ಟು ಮುಂದೂಡೋಕೆ ತಂದಿದ್ಲಲ್ಲ, ಅದು ಮಿಕ್ಕಿತ್ತು. ಅದೂ ಹಾರ್ಮೋನೇ ತಾನೆ? ಎದೆ ಕಾಯುತ್ತೆ ಅಂದ್ಯಲ್ಲ, ಬಿಪಿ ಮಾತ್ರೆ ಬಿಟ್ಟೇಬಿಟ್ಟೆ. ಎರಡೆರಡು ಯಾಕೆ?"

ಸಲುವಾ ಹಣೆ ಚಚ್ಚಿಕೊಂಡಳು. "ಯಾ ಅಲ್ಲಾ! ನಾನು ಹೇಳಿದ್ದು ಪೂರ್ತಿ ಕೇಳಿಸ್ಕೊಂಡ್ಯಾ? ನಂಗೆ ನಿಂತಿದ್ದು ಹೋದ ವರ್ಷ. ನಿಂಗೆ ನಿಂತು ಎಷ್ಟು ಕಾಲವಾಯ್ತು! ನಿಂತ ಹತ್ತು ವರ್ಷದೊಳಗೆ, ಅರವತ್ತಕ್ಕೆ ಮುಂಚೆ ಶುರು ಮಾಡಿದ್ರೆ ಕೆಲವರ ಹೃದಯಕ್ಕೆ ಒಳ್ಳೇದಾಗಬಹುದು ಅಂತಾರೆ. ಆಗಬಹುದು ಅಷ್ಟೇ, ಗ್ಯಾರಂಟಿ ಯಾರೂ ಕೊಟ್ಟಿಲ್ಲ. ನಂಗೆ ಕೊಟ್ಟಿದ್ದೂ ಬಿಸಿ ಏರೋದಕ್ಕೆ, ಹೃದಯಕ್ಕಲ್ಲ. ತಡವಾಗಿ ಶುರು ಮಾಡಿದ್ರೆ ರಕ್ತ ಹೆಪ್ಪುಗಟ್ಟಬಹುದು, ಲಕ್ವ ಹೊಡೀಬಹುದು. ಸೊಸೆಯ ಮಾತ್ರೆ ನನ್ನದಕ್ಕಿಂತ ಜೋರು. ಏಳು, ಆಸ್ಪತ್ರೆಗೆ!"

"ರವೆ ಕಲಸಾಗಿದೆ ಕಣೇ, ಕೆಟ್ಟೋಗುತ್ತೆ. ನೀನು ಸ್ವಲ್ಪ ಎಣ್ಣೆ ಹಚ್ಚಿ ಕಾಲು ತಿಕ್ಕು."

"ತಿಕ್ಕೋ ಹಾಗಿಲ್ಲ, ಹೆಪ್ಪುಗಟ್ಟಿದ್ರೆ ಅದು ಮೇಲೇರಬಹುದು! ರವೆ ಕೆಟ್ರೆ ಕೋಳಿಗೆ ಹಾಕ್ತೀವಿ. ನೀನು ಕೆಟ್ರೆ ಏನ್ಮಾಡೋಣ?"

ಜರಡಿ ಹಿಡಿದು ಮೇಲೆ ಬಂದ ಸೊಸೆ ಇಬ್ತಿಸಾಮ್ ಬೆಚ್ಚಿದಳು. "ಅತ್ತೆ, ಆ ಮಾತ್ರೆ ನುಂಗಿದ್ರಾ? ಕಸಕ್ಕೆ ಹೋಯ್ತು ಅಂದ್ಕೊಂಡಿದ್ದೆ!"

"ದುಡ್ಡು ಕೊಟ್ಟು ತಂದಿದ್ದನ್ನ ಯಾರಾದ್ರೂ ಕಸಕ್ಕೆ ಹಾಕ್ತಾರಾ?" ಎಂದಳು ಅತ್ತೆ. ಇಂಥ ಅತ್ತೆಗೆ ಏನು ಹೇಳೋಣ!

ಇಬ್ಬರೂ ಸೇರಿ ಅವಳನ್ನು ಹಿಡಿದುಕೊಂಡೇ ಕೆಳಗಿಳಿಸಿ ಟ್ಯಾಕ್ಸಿ ಹತ್ತಿಸಿದರು. ದಾರಿಯುದ್ದಕ್ಕೂ ಮನ್ನೂಬಿಯಾ ಒಣಗದ ಕುಸ್ಕುಸ್‌ನದೇ ಚಿಂತೆ ಮಾಡಿದಳು.

ಆಸ್ಪತ್ರೆಯಲ್ಲಿ ನೋಡಿದರೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಿಪಿಯೂ ಏರಿತ್ತು. ಡಾಕ್ಟರ್ ವಿದಾದ್ ಸಿಟ್ಟಿನಿಂದಲೇ ಹೇಳಿದರು: "ಆ ಹೆಪ್ಪು ಶ್ವಾಸಕೋಶಕ್ಕೆ ಏರಿದ್ರೆ ನೀವಿಲ್ಲಿ ಹೀಗೆ ಕೂತಿರ್ತಿರಲಿಲ್ಲ, ಖಾಲಾ. ನಿಮ್ಮ ಎದೆ ಕಾಯ್ತಿದ್ದದ್ದೇ ಆ ಬಿಪಿ ಮಾತ್ರೆ. ಅದನ್ನೇ ಬಿಟ್ರಲ್ಲ!"

ಮನ್ನೂಬಿಯಾ ಸಲುವಾಳ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಭಯವಾಗಿತ್ತು ಅವಳಿಗೆ, ತಂಗಿಗೂ ಅಷ್ಟೇ ಭಯವಾಗಿತ್ತು.

ಅಕ್ಕ ಗುಣವಾಗಿ ಮನೆಗೆ ಬಂದ ಮೇಲೆ, ಅವಳನ್ನು ನೋಡಲು ಬಂದ ನೆರೆಯವಳೊಬ್ಬಳು ಮೆಲ್ಲಗೆ ಸಲುವಾಳನ್ನು ಕೇಳಿದಳು: "ನಿನ್ನ ಮಾತ್ರೆ ನಂಗೂ ಒಂದೆರಡು ಕೊಡ್ತೀಯಾ? ನಂಗೂ ಎದೆ ಹೊಡ್ಕೊಳ್ಳುತ್ತೆ."

ಸಲುವಾ ಬಾಯಿ ತೆರೆಯುವ ಮೊದಲೇ ಮನ್ನೂಬಿಯಾ ಗುಡುಗಿದಳು: "ಕೈ ಚಾಚಬೇಡ! ಡಾಕ್ಟರ ಹತ್ರ ಹೋಗು. ಇಲ್ಲಾಂದ್ರೆ ನಾನೇ ಕುತ್ತಿಗೆ ಹಿಡಿದು ಕರ್ಕೊಂಡು ಹೋಗ್ತೀನಿ!"

ಅಕ್ಕತಂಗಿಯರೇ, ನಿಮಗೂ ಇದೇ ಮಾತು. ಮುಟ್ಟು ನಿಂತ ಮೇಲೆ ಹೃದಯದ ಮೇಲೆ ಒಂದು ಕಣ್ಣಿಡಿ. ಬಿಪಿ, ಸಕ್ಕರೆ, ಕೊಬ್ಬು ಪರೀಕ್ಷೆ ಮಾಡಿಸಿ. ಹಾರ್ಮೋನು ಬೇಕೋ ಬೇಡವೋ ಅನ್ನುವುದನ್ನು ನಿಮ್ಮ ವಯಸ್ಸು, ಕಾಯಿಲೆ ನೋಡಿ ಡಾಕ್ಟರು ಹೇಳಲಿ. ನಡೆಯುತ್ತಿರುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಒಂದೇ ಕಾಲು ಊದಿದರೆ, ಎದೆ ಹಿಡಿದರೆ, ಉಸಿರು ಕಟ್ಟಿದರೆ ಕೈಕೆಲಸ ಅಲ್ಲೇ ಬಿಟ್ಟು ಹೊರಡಿ. ಕೆಲಸ ಎಲ್ಲಿಗೂ ಓಡಿಹೋಗುವುದಿಲ್ಲ. ನೀವು ಹೋದರೆ ಮಾತ್ರ ತಿರುಗಿ ಬರುವುದಿಲ್ಲ.