ಡಮಾಮಿಯ ಒಳಪಟ್ಟಿ

ಜೆರಾಲ್ಡನ ಸಿಟ್ಟು ಊರಿಗೆಲ್ಲ ಗೊತ್ತಿದ್ದದ್ದು. ಆದರೆ ಆ ಮಧ್ಯಾಹ್ನ ಅರಣ್ಯ ಇಲಾಖೆಯ ಕಚೇರಿಯ ಮೆಟ್ಟಿಲು ಹತ್ತುವಾಗ ಅವನ ಎದೆಯಲ್ಲಿದ್ದದ್ದು ಸಿಟ್ಟಲ್ಲ, ಹೆದರಿಕೆ. ಅದನ್ನು ಮುಚ್ಚಿಡಲು ಅವನಿಗೆ ಬರುತ್ತಿದ್ದದ್ದು ಒಂದೇ ಉಪಾಯ, ಬಾಯಿ ಮಾಡುವುದು.

"ಎಲ್ಲಿ ಅದಾನ್ರಿ ನನ್ನ ತಮ್ಮ? ಮದುವಿಗೆ ಡಮಾಮಿ ಬಾರಸಾಕ ಹೊಂಟಾವನ್ನ ಹಿಡದು ಕುಂದ್ರಸ್ತೀರಲ್ಲ, ಕಾಡಿನ್ಯಾಗ ಕಳ್ಳರು ಮುಗದ್ರೇನು?"

"ದನಿ ಇಳಸಪಾ," ಎಂದರು ಅಧಿಕಾರಿ ಈರೇಶ, ತಲೆ ಎತ್ತದೆ. "ಡಮಾಮಿ ಚರ್ಮದ ಅಂಚಿನ್ಯಾಗ ಕಂದು ಕೂದಲ ಅದಾವು. ನಮ್ಮ ಗಾರ್ಡ್ ಜಿಂಕಿ ಅಂತಾನ, ನಿನ್ನ ತಮ್ಮ ಆಡು ಅಂತಾನ. ಡಾಕ್ಟರ್ ಬಾಯಾರು ನೋಡಾಕತ್ತಾರ. ಆಡಾದ್ರ ತಗೊಂಡ ಹೋಗ್ರಿ. ಜಿಂಕಿಯಾದ್ರ ಇವನ್ನ ಹಳಿಯಾಳ ಕೋರ್ಟಿಗೆ ಒಯ್ಯೂದ."

ಮೂಲೆಯ ಬೆಂಚಿನ ಮೇಲೆ ಜೇವಿಯರ್ ಕುಳಿತಿದ್ದ. ಗಣೇಶಗುಡಿಯಲ್ಲಿ ಪ್ರವಾಸಿಗರ ರಾಫ್ಟ್ ನಡೆಸುವ ಹುಡುಗ. ಮೈಮೇಲೆ ಕೇಸು ಬಿದ್ದರೆ ಅವನನ್ನು ಯಾರೂ ನೀರಿಗಿಳಿಸುವುದಿಲ್ಲ.

"ಹೆದರಬ್ಯಾಡ ದಾದಾ," ಎಂದ ಅಣ್ಣನನ್ನು ನೋಡಿ. "ಪೂರಾ ಆಡಿನ ಚರ್ಮ, ಬ್ಯಾರೆ ಏನೂ ಹಾಕಿಲ್ಲ ಅಂತ ಬರದು ಸಹಿ ಮಾಡಿ ಕೊಟ್ಟೇನಿ."

ಜೆರಾಲ್ಡ್ ಕಿಟಕಿಯ ಬಳಿ ಇಟ್ಟಿದ್ದ ಡಮಾಮಿಯತ್ತ ತಿರುಗಿದ.

ಡೋಲಿನಂಥ ಆ ಡಮಾಮಿಯ ಎರಡೂ ಮುಖಕ್ಕೆ ಬಿಗಿದದ್ದು ಆಡಿನ ಚರ್ಮವೇ. ಅವನೇ ಸಂತೆಯಿಂದ ತಂದು, ಕೆರೆದು, ಒಣಗಿಸಿ ಬಿಗಿದಿದ್ದ. ಆದರೆ ಅವರ ಮನೆಯಲ್ಲಿ ಒಂದು ಪದ್ಧತಿ ಇತ್ತು. ಚರ್ಮ ಬದಲಿಸುವಾಗ ಹಳೆಯದರಿಂದ ಬೆರಳಗಲದ ಪಟ್ಟಿ ಕತ್ತರಿಸಿ ಹೊಸ ಚರ್ಮದ ಅಂಚಿನಲ್ಲಿ, ಅದನ್ನು ಬಿಗಿಹಿಡಿಯುವ ಬಳೆಯ ಕೆಳಗೆ ಸೇರಿಸಬೇಕು. ಇಲ್ಲದಿದ್ದರೆ ಡಮಾಮಿ ಹಿರಿಯರನ್ನು ಮರೆಯುತ್ತದೆ. ಇದನ್ನು ಮಾಡುವವನು ಮನೆಯ ಹಿರಿಯ ಮಗ, ಬಾಗಿಲು ಹಾಕಿಕೊಂಡು. ಅವನ ಕೈ ಸೋಲುವ ತನಕ ಇನ್ನೊಬ್ಬರ ಕಿವಿಗೆ ಅದು ಬೀಳಬಾರದು. ಹಾಗೆ ಕೈಯಿಂದ ಕೈಗೆ ಬಂದ ಪಟ್ಟಿ ಅಜ್ಜನ ಕಾಲದ್ದು. ಅಜ್ಜನ ಕಾಲದಲ್ಲಿ ಡಮಾಮಿಗೆ ಆಡಿನ ಚರ್ಮ ಯಾರು ಹಾಕುತ್ತಿದ್ದರು?

ಜೇವಿಯರ್ ತನಗೆ ಗೊತ್ತಿದ್ದ ನಿಜವನ್ನೇ ಬರೆದುಕೊಟ್ಟಿದ್ದ. ಪಟ್ಟಿ ಹೊರಗೆ ಬಂದರೆ ಅದೇ ನಿಜ ಅವನ ಸಹಿಯ ಕೆಳಗೆ ಸುಳ್ಳಾಗಿ ಕೂರುತ್ತಿತ್ತು.

ಕಿಟಕಿಯ ಬಳಿ ಮುಂಡಗೋಡದ ಕಡೆಯ ದನದ ಡಾಕ್ಟರು ಶಿವಗಂಗಾ ಮೈಕ್ರೋಸ್ಕೋಪ್ ಇಟ್ಟುಕೊಂಡು ಕುಳಿತಿದ್ದರು. ಚೀಲದಿಂದ ಉಗುರಿಗೆ ಹಚ್ಚುವ ಬಣ್ಣದ ಸೀಸೆ ತೆಗೆದದ್ದು ಕಂಡು ಜೆರಾಲ್ಡ್ ಸಿಡಿದ.

"ಇಲ್ಲಿ ನಮ್ಮ ಜೀವ ಹೋಗಾಕತ್ತೈತಿ, ನೀವು ಉಗುರಿಗೆ ಬಣ್ಣ ಹಚ್ಚಾಕತ್ತೀರೇನ್ರಿ ಬಾಯಾರ?"

"ಉಗುರಿಗಲ್ಲೋ ಯಣ್ಣಾ, ಗಾಜಿಗೆ." ಅವರು ನಕ್ಕರು. "ಇದರ ಮ್ಯಾಲೆ ಕೂದಲ ಒತ್ತಿ ತಗದ್ರ ಅದರ ಮೈಮ್ಯಾಲಿನ ಮೀನಿನಂಥ ಹುರುಪಿ ಅಚ್ಚ ಬೀಳತಾವು. ಒಂದೊಂದು ಪ್ರಾಣಿದು ಒಂದೊಂದು ನಮೂನಿ. ಒಣಗೂ ತನಕ ಸುಮ್ನ ಕುಂದ್ರು."

ಮೊದಲ ಗಾಜನ್ನು ಅವರು ಬಹಳ ಹೊತ್ತು ನೋಡಿದರು. ಬಳಿಕ ಆ ಕೂದಲನ್ನೇ ಇಟ್ಟು ಅದರ ಒಳತಿರುಳನ್ನು ನೋಡಿದರು.

"ಆಡು."

ಜೇವಿಯರ್ ಎದ್ದೇ ನಿಂತ. ಈರೇಶ ಪೆನ್ನಿನ ಮುಚ್ಚಳ ಹಾಕಿದರು. ಜೆರಾಲ್ಡ್ ತಮ್ಮನ ರಟ್ಟೆ ಹಿಡಿದು ಬಾಗಿಲ ಕಡೆ ಎಳೆದ.

"ತಡೀರಿ, ತಡೀರಿ. ಇನ್ನೊಂದು ಕೂದಲ ಐತಿ. ಬಳಿ ಕೆಳಗ ಸಿಕ್ಕದ್ದು. ಇದು ದಪ್ಪ ಐತಿ." ಶಿವಗಂಗಾ ಮತ್ತೆ ಸೀಸೆಯ ಮುಚ್ಚಳ ತಿರುಗಿಸಿದರು.

ಬಣ್ಣ ಒಣಗುವುದನ್ನೇ ಜೆರಾಲ್ಡ್ ನೋಡುತ್ತ ನಿಂತ. ಸುಮ್ಮನಿದ್ದರೆ ಪಾರಾಗಬಹುದೇ? ಆ ಒಂದು ಕೂದಲು ಆಡಿನದೇ ಇರಬಹುದೇ? ಇರಲಿಕ್ಕಿಲ್ಲ. ಪಟ್ಟಿ ಸೇರಿಸಿದವನು ಅವನೇ. ಡಾಕ್ಟರು ಕಣ್ಣು ಇಡುವ ಮೊದಲು ಹೇಳಿದರೆ ಒಪ್ಪಿಕೊಂಡ ಹಾಗೆ. ಆಮೇಲೆ ಹೇಳಿದರೆ ತಮ್ಮನನ್ನು ಬಿಡಿಸಲು ಕಟ್ಟಿದ ಕತೆ.

ಶಿವಗಂಗಾ ಬಾಗಿದರು.

"ಜಿಂಕಿದು ಅದು!" ಜೆರಾಲ್ಡನ ಕೂಗಿಗೆ ಹೊರಗಿದ್ದ ಗಾರ್ಡ್ ಒಳಗೆ ಇಣುಕಿದ. "ನಾ ಇಟ್ಟೇನಿ. ನಮ್ಮಜ್ಜನ ಕಾಲದ್ದು. ಇವಗ ಏನೂ ಗೊತ್ತಿಲ್ಲ."

"ಸುಳ್ಳ್ರಿ ಸಾಹೇಬ್ರ!" ಜೇವಿಯರ್ ಅಣ್ಣನ ಮುಂದೆ ಬಂದು ನಿಂತ. "ನಾನೇ ಇಟ್ಟೇನಿ. ನನ್ನ ಒಯ್ರಿ."

"ಎಲ್ಲಿ ಇಟ್ಟೀಲೇ?" ಜೆರಾಲ್ಡ್ ಅವನ ಅಂಗಿಯ ಕೊರಳು ಹಿಡಿದ. "ಹೇಳ. ಯಾವ ಮುಖಕ್ಕ? ಎಷ್ಟ ಉದ್ದ?"

ಜೇವಿಯರ್ ಡಮಾಮಿಯನ್ನು ನೋಡಿದ. ಅಣ್ಣನನ್ನು ನೋಡಿದ.

"ಸಣ್ಣ ಮುಖದ ಕಡೆ, ಒಂದು ಗೇಣು," ಎಂದ ಜೆರಾಲ್ಡ್.

"ಸಣ್ಣ ಮುಖದ್ದು ಖರೆ," ಎಂದರು ಶಿವಗಂಗಾ, ಕಣ್ಣು ಎತ್ತದೆ. "ಜಿಂಕಿದೂ ಖರೆ." ಅಚ್ಚು ತೆಗೆದು ಆ ಕೂದಲನ್ನೇ ಇಟ್ಟರು. "ಬಾ, ನೋಡ."

ಮೊದಲು ಜೆರಾಲ್ಡನಿಗೆ ತನ್ನ ರೆಪ್ಪೆಯ ಕೂದಲೇ ಕಂಡಿತು. ಬಳಿಕ ಬೆಳಕಿನಲ್ಲಿ ಒಂದು ದಪ್ಪ ಕಂಬ, ಅದರ ತುಂಬ ಜೇನುಹಟ್ಟಿಯಂತೆ ಒತ್ತೊತ್ತಾಗಿ ಗೂಡುಗಳು. ಗೂಡುಗಳ ನಡುನಡುವೆ ಹುಳು ಕೊರೆದಂತೆ ಕಪ್ಪು ತೂತು.

"ಬೂಜು ತಿಂದ ತೂತು ಅವು," ಎಂದರು ಡಾಕ್ಟರು, ಈರೇಶರತ್ತ ತಿರುಗಿ. "ಹೊಸ ಚರ್ಮ ಅಲ್ರಿ ಇದು. ಎಷ್ಟ ಹಳೇದು ಅಂತ ನಾ ಹೇಳಾಕ ಬರೂದಿಲ್ಲ. ಪಟ್ಟಿ ಲ್ಯಾಬಿಗೆ ಹೋಗಲಿ."

ಈರೇಶ ಪೆನ್ನಿನ ಮುಚ್ಚಳ ಮತ್ತೆ ತೆಗೆದರು. "ಇಟ್ಟ ಜಾಗಾನ ಗೊತ್ತಿಲ್ಲದಾವನ ಮ್ಯಾಲೆ ಹೆಂಗ ಕೇಸ್ ಹಾಕ್ಲಿ? ಜೇವಿಯರ್, ನೀ ಹೋಗು. ಜೆರಾಲ್ಡ್, ನಿನ್ನ ಬಿಡಾಕ ಬರೂದಿಲ್ಲಪಾ. ಅಜ್ಜಂದಾದ್ರೂ ಇಟ್ಕೊಂಡದ್ದು ತಪ್ಪ. ಉಳದದ್ದು ಕೋರ್ಟ್ ನೋಡ್ತೈತಿ."

ಪಟ್ಟಿ ತೆಗೆಯಲು ಗಾರ್ಡ್ ಚಾಕು ಹಿಡಿದು ಬಂದ.

"ಚಾಕು ಹಚ್ಚಿದ್ರ ಕೈ ಮುರೀತೇನಿ!" ಜೆರಾಲ್ಡ್ ಡಮಾಮಿಯನ್ನು ಎಳೆದುಕೊಂಡು ನೆಲದ ಮೇಲೆ ಕುಳಿತ. "ನಾನೇ ಬಿಚ್ಚತೇನಿ." ತಮ್ಮನಿಗೆ ಹೇಳಿದ, "ನೀ ಆ ಕಡೆ ತಿರುಗು. ನೋಡಬಾರ್ದು."

ಜೇವಿಯರ್ ತಿರುಗಲಿಲ್ಲ. ಎದುರಿಗೆ ಕುಳಿತು, ಅಣ್ಣ ಹಗ್ಗ ಸಡಿಲಿಸುತ್ತಿದ್ದಂತೆ ಬಳೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದ.